ಸವಣೂರಿನಲ್ಲಿ ನನ್ನ ಕನ್‌ಫೈನ್‌ಮೆಂಟ್

ಉಪಾಧ್ಯಾಯಿನಿಯರ ಆಯ್ಕೆ ಪರೀಕ್ಷೆಯಲ್ಲಿ ಇಂಗ್ಲಿಷ್ ಪತ್ರಿಕೆ ತಿದ್ದಿದ ಮಾನ್ಯ ಪರೀಕ್ಷಕರೇ,

ನಾನು ಜೇಲಿಗೆ ಹೋದವಳಲ್ಲ, ಹಡೆದವಳು. ಇವೆರಡರ ನಡುವಿನ ವ್ಯತ್ಯಾಸ ತಮಗೆ ತಿಳಿಯದೆ ಹೋದದ್ದರಿಂದ ನನ್ನ ಪರೀಕ್ಷೆಯ ಫಲ ತಡೆಹಿಡಿಯಲ್ಪಟ್ಟಿದೆ. ಈ ಜೂನಿನಲ್ಲಿ ಹಾನಗಲ್ಲಿನಲ್ಲಿ ತೆರೆಯಬೇಕಾದ ಹೆಣ್ಣುಮಕ್ಕಳ ಇಂಗ್ಲಿಷ್ ವರ್ಗಕ್ಕೆ ಕಲಿಸುವವರಿಲ್ಲದಂತಾಗಿದೆ. ತಮಗೆ ಖಾಸಗಿಯಾಗಿ ಬರೆದುಕೊಂಡಾಗಲೆಲ್ಲ 'ವಿಷಯವು ವಿಚಾರಣೆಯಲ್ಲಿದೆ' ಎಂಬ ಒಂದೇ ಉತ್ತರ ಬಂದುದರಿಂದ, ನಾಲ್ಕು ಮಂದಿ ಓದುವ ಪತ್ರಿಕೆಯಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ. ವಾಕ್ಯಗಳು ಅಲ್ಲಲ್ಲಿ ಎಡವಿದರೆ ಮನ್ನಿಸಬೇಕು. ನನ್ನ ಮಗಳಿಗೆ ಎಂಟು ತಿಂಗಳು. ಅವಳು ಹುಟ್ಟಿದಂದಿನಿಂದ ನಾನು ನಿದ್ದೆ ಎಂಬ ಶಬ್ದದ ಕಾಗುಣಿತವನ್ನು ಮಾತ್ರ ನೆನಪಿಟ್ಟುಕೊಂಡಿದ್ದೇನೆ.

ಮೊದಲು ನಾನು ಆ ಪರೀಕ್ಷೆಗೆ ಹೇಗೆ ಓದಿದೆನೆಂಬುದನ್ನು ತಾವು ಕೇಳಬೇಕು. ಧಾರವಾಡದಲ್ಲಿ ಕಾಲೇಜು ಓದಿ, ಹಾನಗಲ್ಲಿಗೆ ಸೊಸೆಯಾಗಿ ಬಂದು, ಇಂಗ್ಲಿಷನ್ನು ಮಡಿಸಿ ಟ್ರಂಕಿನಲ್ಲಿಟ್ಟಿದ್ದೆ. ಪರೀಕ್ಷೆಯ ಜಾಹೀರಾತು ಕಂಡ ಮೇಲೆ ಅದನ್ನು ಮತ್ತೆ ತೆಗೆದು ಝಾಡಿಸಬೇಕಾಯಿತು. ಒಂದು ಶಬ್ದವನ್ನು ಕಲಿತರೆ ಸಾಲದಂತೆ, ಅದರ ಬೀಗರು, ಬಿಜ್ಜರು, ದಾಯಾದಿಗಳು ಎಲ್ಲರನ್ನೂ ಕಲಿಯಬೇಕಂತೆ. 'ಪ್ರೊನೌನ್ಸ್' ಎಂಬ ಕ್ರಿಯಾಪದ ನಾಮಪದದ ಮನೆ ಸೇರಿದೊಡನೆ ಒಂದು ಸ್ವರವನ್ನು ತವರಲ್ಲಿ ಬಿಟ್ಟು 'ಪ್ರೊನನ್ಸಿಯೇಶನ್' ಆಗುತ್ತದೆ. 'ರಿಸೀವ್' ಎಂಬುದು 'ರಿಸೀಟ್' ಆಗುವಾಗ ನಡುವೆ ಒಂದು ಪಿ ಅಕ್ಷರ ಬಂದು, ಮಾವನವರ ಮುಂದೆ ಕುಳಿತ ಹೊಸ ಸೊಸೆಯಂತೆ, ಬಾಯಿ ಬಿಡದೆ ಕುಳಿತುಬಿಡುತ್ತದೆ. 'ಡಿಸೀವ್' ಮೋಸ ಮಾಡುವುದು, 'ಡಿಸೀಟ್' ಮೋಸ. ಇಲ್ಲಿ ಆ ಪಿ ಇಲ್ಲ. ಮೋಸದ ಮನೆಯೆಂದು ಗೊತ್ತಾಗಿ ತವರಿಗೆ ಓಡಿಹೋಗಿರಬೇಕು. ಓದು ಎಂದರೆ ಓದುವಿಕೆ, ನಂಬು ಎಂದರೆ ನಂಬಿಕೆ ಎಂದು ಬಾಲ ಹಚ್ಚಿಕೊಂಡು ಸುಖವಾಗಿ ಬೆಳೆದ ನಮ್ಮಂಥವರಿಗೆ ಇದೆಲ್ಲ ಸುಲಭವೇ?

ಪುಸ್ತಕ ಹಿಡಿದು ಕುಳಿತರೆ ಕೂಸು ಅಳುತ್ತದೆ, ಕೂಸನ್ನು ಹಿಡಿದರೆ ಪುಸ್ತಕ ಮುಚ್ಚುತ್ತದೆ. ಹೀಗಾಗಿ ತೊಟ್ಟಿಲು ತೂಗುತ್ತ ಶಬ್ದಗಳನ್ನೇ ಜೋಗುಳ ಮಾಡಿಕೊಂಡೆ. ಡಿಸೈಡ್, ಡಿಸಿಜನ್, ಡಿಸೈಸಿವ್, ಜೋ ಜೋ. ಪರ್ಸಿವಿಯರ್, ಪರ್ಸಿವಿಯರನ್ಸ್, ಜೋ ಜೋ. ನಮ್ಮ ಅತ್ತೆ ವೀರವ್ವನವರು ಬಾಗಿಲಿಗೆ ಬಂದು ಕೇಳುತ್ತ ನಿಂತರು.

"ಇದೇನವಾ, ಫರ್ಸಿ ಫರ್ಸಿ ಅಂತ? ಮನಿಗೆ ಫರ್ಸಿ ಕಲ್ಲು ಹಾಕಸೂ ಹಾಡೇನು?"

"ಅಲ್ರಿ ಅತ್ತಿ. ಇಂಗ್ಲೀಷ್ ಶಬ್ದ. ಪಟ್ಟು ಹಿಡದು ಮಾಡೂದು ಅಂತ ಅರ್ಥ."

"ಅದನ್ನ ನಿನ್ನ ಮಗಳಿಗೆ ಕಲಸೂದ ಬ್ಯಾಡ, ಹುಟ್ಟಾ ಕಲತ ಬಂದಾಳ. ಆದ್ರ ನಿಲ್ಲಸಬ್ಯಾಡ. ಕೂಸು ಕಣ್ಣ ಮುಚ್ಚಾಕತ್ತೈತಿ."

ಇಷ್ಟು ಪಟ್ಟು ಹಿಡಿದು ಓದಿದವಳು ಪರೀಕ್ಷೆಯ ಕೋಣೆಯಲ್ಲಿ ಕುಳಿತು ತಮ್ಮ ಪ್ರಶ್ನೆಯನ್ನು ನೋಡಿದಾಗ ನನಗಾದ ಸಂತೋಷವನ್ನು ಊಹಿಸಿರಿ. ಕೆಲವು ಶಬ್ದಗಳನ್ನು ಕೊಟ್ಟು, ಇವುಗಳ ನಾಮಪದಗಳನ್ನು ಒಂದೇ ಪ್ರಸಂಗಕ್ಕೆ ಹೊಂದುವಂತೆ ವಾಕ್ಯಗಳಲ್ಲಿ ಉಪಯೋಗಿಸಿರಿ ಎಂದಿದ್ದಿರಿ. ಕನ್‌ಫೈನ್, ಅಟೆಂಡ್, ಲೇಬರ್, ಡೆಲಿವರ್, ರಿಲೀವ್. ಈ ಐದೂ ಶಬ್ದಗಳು ಸೂಲಗಿತ್ತಿಯ ಹಿಂದೆ ಸಾಲಾಗಿ ನಮ್ಮ ತವರುಮನೆಯ ಹೊಸ್ತಿಲು ದಾಟಿ ಬಂದಂತೆ ಕಂಡವು. ಇಂಥ ಪ್ರಶ್ನೆಯನ್ನು ಮಕ್ಕಳೊಂದಿಗನೇ ತೆಗೆದಿರಬೇಕು, ಪಾಪ, ಬಾಣಂತಿಯರು ಪರೀಕ್ಷೆಗೆ ಕೂಡುತ್ತಾರೆಂದು ದಯೆ ತೋರಿಸಿದ್ದಾನೆ ಎಂದುಕೊಂಡೆ. ನನ್ನ ಉತ್ತರದ ಸಾರ ಹೀಗಿತ್ತು: 'ಹೋದ ಸಪ್ಟಂಬರದಲ್ಲಿ ನನ್ನ ಕನ್‌ಫೈನ್‌ಮೆಂಟು ಸವಣೂರಿನಲ್ಲಿ ಆಯಿತು. ನನ್ನ ಅಟೆಂಡನ್ಸಿಗೆ ಒಬ್ಬ ಕಟ್ಟುನಿಟ್ಟಿನ ಮುದುಕಿ ಇದ್ದಳು. ಲೇಬರು ಬಹಳ ಕಠಿಣವಾಗಿತ್ತು. ಹೊತ್ತು ಮುಳುಗುವಾಗ ಡೆಲಿವರನ್ಸ್ ದೊರೆತು ಎಲ್ಲರಿಗೂ ರಿಲೀಫ್ ಆಯಿತು. ನಾನು ಅಲ್ಲಿಂದ ಹೊರಬರುವಾಗ ನನ್ನ ಜೊತೆಗೆ ಇನ್ನೊಬ್ಬಳಿದ್ದಳು. ಆಕೆ ಅಂದಿನಿಂದ ನನ್ನನ್ನು ಮಲಗಗೊಟ್ಟಿಲ್ಲ.'

ಒಂದು ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. 'ಡೆಲಿವರ್' ಎಂಬುದಕ್ಕೆ 'ಡೆಲಿವರಿ' ಎಂದು ಬರೆದಿದ್ದರೆ ಸಾಕಿತ್ತು. ಅದು ಟಪಾಲಿನವರ ಮಾತು, ಪರೀಕ್ಷೆಗೆ ಸ್ವಲ್ಪ ಗಂಭೀರವಾದದ್ದು ಇರಲಿ ಎಂದು 'ಡೆಲಿವರನ್ಸ್' ಎಂಬ ಜರಿಯಂಚಿನ ಶಬ್ದವನ್ನು ಹುಡುಕಿ ಹಾಕಿದೆ. ಅದು ಬಂಧನದಿಂದ ಬಿಡುಗಡೆ ಹೊಂದುವವರು ಉಡುವ ಸೀರೆ ಎಂದು ಆಮೇಲೆ ತಿಳಿಯಿತು. ಆದರೂ ಒಂದು ಬಾಲ ತಪ್ಪಿದರೆ ನೂರರಲ್ಲಿ ಒಂದು ಗುಣ ಕಳೆಯಬೇಕು. ಪೊಲೀಸರನ್ನು ಕಳಿಸುವುದು ಯಾವ ವ್ಯಾಕರಣದ ಸೂತ್ರ?

ಹೌದು, ಪೊಲೀಸರು ಬಂದರು. ಠಾಣೆಯ ಜಮಾದಾರ ದಸ್ತಗೀರಸಾಬರು ನಮ್ಮ ಓಣಿಗೆ ಹೊಸಬರಲ್ಲ. ಅವತ್ತು ಮಾತ್ರ ಕಟ್ಟೆಯ ಮೇಲೆ ಕುಳಿತು, ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ನನ್ನ ಮುಖ ನೋಡದೆ ಒಂದು ಕಾಗದ ಬಿಚ್ಚಿದರು.

"ಸಿಟ್ಟಾಗಬ್ಯಾಡ್ರಿ ತಂಗೀ. ಮ್ಯಾಲಿಂದ ಬಂದೈತಿ, ಕೇಳಬೇಕು. ಹೋದ ಸಪ್ಟಂಬರದಾಗ ನೀವು ಸವಣೂರಾಗ ಕೈದಿನಾಗ ಇದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಮೊರ ಕೆಳಗಿಟ್ಟರು. "ಸವಣೂರು ಅಕಿ ತವರುಮನಿ. ತವರುಮನ್ಯಾಗ ಯಾರ ಕೈದ ಮಾಡತಾರೋ ಸಾಹೇಬ?"

"ಹಂಗಲ್ರಿ ವೀರವ್ವಾರ. ಇಲ್ಲಿ ಬರದೈತಿ. ಒಬ್ಬಾಕಿ ಮುದುಕಿ ಕಾವಲಿದ್ಲಂತ, ಸಕ್ತ ಮಜೂರಿ ಇತ್ತಂತ. ಹೊರಗ ಬಿಡತಿದ್ರೋ ಇಲ್ಲೋ?"

"ಎಲ್ಲಿ ಬಿಡತಾರ? ಕಿವಿಗೆ ಅರಿವಿ ಕಟ್ಟಿ, ಹೊರಸಿನ ಕೆಳಗ ಕೆಂಡ ಇಟ್ಟು, ಬಾಗಲಾ ಹಾಕಿ ಕುಂದರಸಿದ್ರು. ಗಾಳಿ ಸೈತ ಒಳಗ ಬಿಟ್ಟಿದ್ದಿಲ್ಲ."

ದಸ್ತಗೀರಸಾಬರ ಮುಖ ಸಣ್ಣದಾಯಿತು. "ಕೆಂಡ ಇಟ್ಟಿದ್ರಾ? ಅಯ್ಯ ಪರ್ವರ್ದಿಗಾರ. ಉಣಾಕರೇ ಏನ ಕೊಡತಿದ್ರು?"

"ಅಳ್ವಿ ಪಾಯಸ, ಅಂಟಿನುಂಡಿ. ಉಂಡ ಮ್ಯಾಲ ಸವಣೂರ ಎಲಿ ಅಡಕಿ."

ಜಮಾದಾರರು ಕಾಗದವನ್ನು ಮತ್ತೊಮ್ಮೆ ನೋಡಿದರು. ಅಂಟಿನುಂಡಿ ಕೊಡುವ ಜೇಲನ್ನು ಅವರು ತಮ್ಮ ನೌಕರಿಯಲ್ಲಿ ಕಂಡಿರಲಿಲ್ಲ. "ಇರಲಿ. ಹೊರಗ ಬರೂ ಮುಂದ ನಿಮ್ಮ ಜೋಡಿ ಇನ್ನೊಬ್ಬಾಕಿ ತಪ್ಪಿಸಿಕೊಂಡು ಬಂದಾಳಂತ ಸಾಹೇಬರಿಗೆ ಸಂಶೇ ಐತಿ. ಅಕಿ ಈಗ ಎಲ್ಲದಾಳ?"

"ತೊಟ್ಟಿಲಾಗ ಅದಾಳ್ರಿ," ಎಂದೆ ನಾನು.

ಅವರು ಎದ್ದು ಬಂದು ತೊಟ್ಟಿಲಲ್ಲಿ ಬಗ್ಗಿ ನೋಡಿದರು. ಸಂಶಯಿತ ಆರೋಪಿ ಅವರ ಮೀಸೆಯನ್ನು ಹಿಡಿದು ಎಳೆದಳು. ದಸ್ತಗೀರಸಾಬರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು, ಮೀಸೆ ಬಿಡಿಸಿಕೊಂಡ ಮೇಲೂ ನಕ್ಕರು. ಅವರ ಮನೆಯಲ್ಲಿಯೂ ಹೋದ ವರ್ಷ ಬಾಣಂತನವಾಗಿತ್ತು. "ಬಾಣಂತನಾನ್ರಿ! ನಾ ಈಗ ಜವಾಬು ಬರದು ಕಳಸ್ತೇನಿ, ನೀವು ಬೇಫಿಕೀರ ಇರ್ರಿ. ಆದ್ರ ಸಾಹೇಬರಿಗೆ ಇಂಗ್ಲೀಷಿನಾಗ ಬರೀಬೇಕು. ಬಾಣಂತನಕ್ಕ ಇಂಗ್ಲೀಷಿನಾಗ ಏನಂತಾರ, ನೀವ ಹೇಳ್ರಿ, ಕಲತವರು."

ನಾನು ಹೇಳಿದೆ.

ಅವರು ಅಕ್ಷರ ಅಕ್ಷರ ಕೇಳಿಕೊಂಡು ಬರೆದರು. ಹೀಗೆ ತಮ್ಮ ಮೇಜಿನ ಮೇಲೆ ಈಗ ಪೊಲೀಸರ ವರದಿಯೂ ಇದೆ: ಸದರಿ ಸರೋಜವ್ವನವರು ಸವಣೂರಿನಲ್ಲಿ ತಮ್ಮ ಕನ್‌ಫೈನ್‌ಮೆಂಟು ಆದದ್ದನ್ನು ಸಾಕ್ಷಿಗಳ ಸಮಕ್ಷಮ ಒಪ್ಪಿಕೊಂಡಿದ್ದಾರೆ. ನಿಜವನ್ನೇ ಹೇಳಿ ಇಷ್ಟು ಸರಿಯಾಗಿ ಸಿಕ್ಕಿಬಿದ್ದವರು ಹಾನಗಲ್ ತಾಲೂಕಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ?

ಮಾನ್ಯರೇ, ತಾವು ತಪ್ಪು ತಿಳಿದಿರೆಂದು ನಾನು ಹೀಯಾಳಿಸುವುದಿಲ್ಲ. ನಾವೂ ಒಮ್ಮೆ ಹಾಗೆಯೇ ತಿಳಿದಿದ್ದೆವು. ಕಾಲೇಜಿನಲ್ಲಿ ನಮಗೆ ಕಲಿಸುತ್ತಿದ್ದ ಸಾಧು ಸ್ವಭಾವದ ಇಂಗ್ಲಿಷ್ ದೊರೆಯೊಬ್ಬರು, ಹೆಂಡತಿಯ ಕನ್‌ಫೈನ್‌ಮೆಂಟಿನ ನಿಮಿತ್ತ ತರಗತಿ ಇಲ್ಲವೆಂದು ಫಲಕದ ಮೇಲೆ ಬರೆಸಿದ್ದರು. ನಾವು ಹುಡುಗಿಯರು ಹಿಂದಿನ ಬೆಂಚಿನಲ್ಲಿ ಗುಸುಗುಸು ಮಾಡಿ, ನೋಡಿದರೆ ಹಸುವಿನಂಥ ಮನುಷ್ಯ, ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕಿದ್ದಾನಲ್ಲ ಎಂದು ಮರುಗಿದೆವು. ಮುಂದಿನ ವಾರ ಅವರು ನಗುನಗುತ್ತ ಬಂದು ಎಲ್ಲರಿಗೂ ಪೇಢೆ ಹಂಚಿದರು. ಕೂಡಿಹಾಕಿದ್ದಲ್ಲದೆ ಪೇಢೆ ಬೇರೆ ಎಂದು ನಮಗೆ ಇನ್ನಷ್ಟು ಸಿಟ್ಟು ಬಂದು, ಕೊನೆಗೆ ಡಿಕ್ಷನರಿ ತೆಗೆದೆವು. ಎರಡನೆಯ ಅರ್ಥ ಅಲ್ಲೇ ಇತ್ತು, ಮೊದಲನೆಯದರ ಮಗ್ಗುಲಲ್ಲೇ, ಬಾಣಂತಿಯ ಮಗ್ಗುಲಲ್ಲಿ ಕೂಸಿದ್ದಂತೆ. ನಾವು ಡಿಕ್ಷನರಿ ತೆಗೆದ ಜಾಗದಲ್ಲಿ ತಾವು ಪೊಲೀಸರನ್ನು ಕರೆದಿರಿ. ನಮಗೂ ತಮಗೂ ಇಷ್ಟೇ ವ್ಯತ್ಯಾಸ.

ತಪ್ಪು ಆ ಭಾಷೆಯದೂ ಇರಬಹುದು. ವಾಕ್ಯಕ್ಕೂ ಶಿಕ್ಷೆಗೂ ಅದರಲ್ಲಿ 'ಸೆಂಟೆನ್ಸ್' ಎಂಬ ಒಂದೇ ಮಾತು. ಸೆಂಟೆನ್ಸಿನಲ್ಲಿ ಉಪಯೋಗಿಸಿರಿ ಎಂದು ತಾವು ಕೇಳಿದಿರಿ. ನಾನು ವಾಕ್ಯ ಬರೆದೆ, ತಾವು ಶಿಕ್ಷೆ ಓದಿದಿರಿ. ಹೆರುವುದಕ್ಕೂ ಸೆರೆಗೂ ಒಂದೇ ಹೆಸರಿಟ್ಟವರು ಯಾರೋ ನನಗೆ ತಿಳಿಯದು. ಗಂಡಸಾಗಿದ್ದರೆ ಬಹಳ ನೋಡಿದವನು, ಹೆಂಗಸಾಗಿದ್ದರೆ ಬಹಳ ಸಹಿಸಿದವಳು.

ಇದರಿಂದ ನನಗಾದ ಪಾಡನ್ನೂ ಹೇಳಿಬಿಡುತ್ತೇನೆ. ಜಮಾದಾರರು ಬಂದುಹೋದ ಸುದ್ದಿ ಹಬ್ಬಿ, ಓಣಿಯ ಹಿರಿಯರೊಬ್ಬರು ನನ್ನನ್ನು ಕಂಡು ಎದ್ದುನಿಂತು ಕೈಮುಗಿದರು. "ತಾಯೀ, ದೇಶದ ಸಲುವಾಗಿ ಕಷ್ಟ ಪಟ್ಟೀರಿ" ಎಂದರು. ಹೋದ ವರ್ಷದ ಚಳವಳಿಯಲ್ಲಿ ನಿಜವಾಗಿ ಜೇಲಿಗೆ ಹೋಗಿ ಕುಳಿತವರ ಗೌರವವನ್ನು ನಾನು ಅಳ್ವಿ ಪಾಯಸ ಕುಡಿದು ಸಂಪಾದಿಸಿದರೆ ಅದು ಯಾವ ನ್ಯಾಯ? ನಾಚಿಕೆಯಿಂದ ಒಳಗೆ ಬಂದೆ. ಒಳಗೆ ಬಂದರೆ ಅಂಜಿಕೆ. ನಮ್ಮವರದು ಕಾಳಿನ ಅಂಗಡಿ, ಯುದ್ಧದ ಕಾಲ, ಪರವಾನಿಗೆಗೆ ಏನಾದರೂ ಆದರೆ? ಇನ್ನೊಮ್ಮೆ ಬಂದು, ನಡೆಯಿರಿ ಎಂದರೆ, ಇನ್ನೂ ಮೊಲೆಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ಹೋಗಬೇಕೇ, ಬಿಟ್ಟು ಹೋಗಬೇಕೇ? ನಮ್ಮವರು "ಹುಚ್ಚೀ, ನೀ ಸುಮ್ನ ಇರು, ಏನೂ ಆಗಂಗಿಲ್ಲ" ಎನ್ನುತ್ತಾರೆ. ಏನೂ ಆಗುವುದಿಲ್ಲ ಎಂದವರು ಗೊರಕೆ ಹೊಡೆಯುತ್ತಾರೆ. ಏನಾದರೂ ಆದೀತು ಎನ್ನುವವಳು ತೊಟ್ಟಿಲು ತೂಗುತ್ತಾಳೆ.

ನನ್ನ ಅಂಜಿಕೆಯನ್ನು ತಾವು ಬದಿಗಿಡಬಹುದು. ಶೇಖವ್ವನನ್ನು ಮಾತ್ರ ಬದಿಗಿಡಬಾರದು. ನಮ್ಮ ಹಿತ್ತಲಾಚೆಯ ಮನೆಯ ರೈತ ಬೀರಪ್ಪನ ಮಗಳು. ಹದಿನಾಲ್ಕು ತುಂಬಿದೆ. ಕನ್ನಡ ಶಾಲೆಯನ್ನು ಮುಗಿಸಿದ್ದಾಳೆ. ನನ್ನ ಜೋಗುಳವನ್ನು ಬೇಲಿಯಾಚೆಯಿಂದ ಕೇಳಿಯೇ ಅರ್ಧ ಕಲಿತುಬಿಟ್ಟಿದ್ದಾಳೆ. ಎಮ್ಮೆಗೆ ಮೇವು ಹಾಕುತ್ತ ಅವಳು "ಡಿಸೈಡ್, ಡಿಸಿಜನ್" ಎನ್ನುವುದು ನನಗೆ ಕೇಳುತ್ತದೆ. ಗಂಡಸು ಮಾಸ್ತರರ ಹತ್ತಿರ ಕಳಿಸಲು ಬೀರಪ್ಪ ಒಪ್ಪಲಿಲ್ಲ. ನಾನೇ ಕಲಿಸುತ್ತೇನೆಂದ ಮೇಲೆ ಒಪ್ಪಿದ. ಮೊನ್ನೆ ಮತ್ತೆ ಬಂದು ಅಂಗಳದಲ್ಲಿ ನಿಂತ.

"ಅಕ್ಕೋರ, ಸಾಲಿ ತೆರೀತಾರೋ ಇಲ್ಲೋ ಒಂದ ಮಾತ ಹೇಳ್ರಿ. ಹಿರೇಕೆರೂರ ಕಡೆಯವರು ನೋಡಿ ಹೋಗ್ಯಾರ. ನಿಮ್ಮ ಸಾಲಿ ಇದ್ರ ಅವರಿಗೆ ತಡೀರಿ ಅಂತೇನಿ. ಇಲ್ಲಂದ್ರ ಹುಡುಗೀನ ಸುಮ್ನ ಮನ್ಯಾಗ ಇಟಗೊಂಡು ಏನ ಮಾಡ್ಲಿ?"

"ಸ್ವಲ್ಪ ತಡೀರಿ ಬೀರಪ್ಪಾರ. ಮ್ಯಾಲಿಂದ ಹುಕುಮ ಬರಬೇಕು."

"ಮ್ಯಾಲಿನವರಿಗೆ ಹೆಣ್ಣ ಮಕ್ಕಳಿಲ್ಲೇನ್ರಿ?"

ಈ ಪ್ರಶ್ನೆಯನ್ನು ನಾನು ಬಿಡಿಸಲಾರೆ. ಪ್ರಶ್ನೆ ತೆಗೆಯುವ ಕೆಲಸ ತಮ್ಮದಾದ್ದರಿಂದ ಅದನ್ನು ಹಾಗೆಯೇ ತಮಗೆ ದಾಟಿಸುತ್ತಿದ್ದೇನೆ.

ನಾನು ಕೇಳುವುದಿಷ್ಟು. ಡಿಕ್ಷನರಿ ತೆಗೆದು ಆ ಶಬ್ದದ ಎರಡನೆಯ ಅರ್ಥವನ್ನು ಓದಬೇಕು. ಅದು ಸಣ್ಣ ಅಕ್ಷರದಲ್ಲಿದೆ, ಚಾಳೀಸು ಹಾಕಿಕೊಳ್ಳಿರಿ. ಡಿಕ್ಷನರಿಯನ್ನೂ ನಂಬದಿದ್ದರೆ ತಮ್ಮ ತಾಯಿಯವರನ್ನು ಕೇಳಿರಿ. ಅವರೂ ಒಮ್ಮೆ ಕೋಣೆಯೊಂದರಲ್ಲಿ ಮುದುಕಿಯ ಕಾವಲಿನಲ್ಲಿದ್ದು, ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹೊರಬಂದವರೇ. ಡೆಲಿವರನ್ಸಿಗೆ ಗುಣ ಕೊಡಬೇಡಿರಿ, ಅದು ನನ್ನ ಡೌಲಿನ ದಂಡ. ಉಳಿದ ನಾಲ್ಕಕ್ಕೆ ಕೊಟ್ಟು, ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದರೊಳಗೆ ಫಲ ಪ್ರಕಟಿಸಬೇಕು. ತೇರ್ಗಡೆಯಾಗದಿದ್ದರೆ ಹಾಗೆಂದೇ ಹೇಳಿಬಿಡಿರಿ. ಆ ವರ್ಗಕ್ಕೆ ಬೇರೊಬ್ಬ ಅಕ್ಕೋರು ಬರಲಿ, ನನ್ನ ತಕರಾರಿಲ್ಲ. 'ವಿಚಾರಣೆಯಲ್ಲಿದೆ' ಎಂದು ಮಾತ್ರ ಇನ್ನೊಮ್ಮೆ ಬರೆಯಬೇಡಿರಿ.

ಏಕೆಂದರೆ ಹಿರೇಕೆರೂರಿನವರು ಬಹಳ ದಿನ ಕಾಯುವವರಲ್ಲ. ತಾವು ತಡಮಾಡಿದರೆ ಶೇಖವ್ವ ಕನ್‌ಫೈನ್‌ಮೆಂಟ್ ಎಂಬ ಶಬ್ದವನ್ನು ನನ್ನಿಂದ ಕಲಿಯುವುದಿಲ್ಲ. ಬರುವ ವರ್ಷವೋ ಅದರ ಮುಂದಿನ ವರ್ಷವೋ, ಬಾಗಿಲು ಹಾಕಿದ ಕೋಣೆಯಲ್ಲಿ, ಇಂಗ್ಲಿಷಿನ ಅಕ್ಷರವೊಂದೂ ಗೊತ್ತಿಲ್ಲದೆ, ಅದರ ಎರಡೂ ಅರ್ಥಗಳನ್ನು ಒಟ್ಟಿಗೇ ಕಲಿಯುತ್ತಾಳೆ.

ಇಂತಿ ತಮ್ಮ ವಿಚಾರಣೆಯಲ್ಲಿರುವ,
ಜೇಲು ಕಾಣದ ಖೈದಿ, ನೇಮಕವಾಗದ ಅಕ್ಕೋರು,
ಸರೋಜವ್ವ
ಹಾನಗಲ್, ಮೇ ೧೯೪೩