ಮಾವ ಬಾಗಿಲಲ್ಲಿ ಕೇಳಿಸಿಕೊಂಡದ್ದು

ಮನೆಯಿಂದ,
ಮಾರ್ಚ್ ೯, ಭಾನುವಾರ

ಗಾಬರಿಯಲ್ಲಿರುವ ನನ್ನ ಅಮ್ಮನಿಗೆ, ನಿನ್ನ ಮಗನ ನಮಸ್ಕಾರ.

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ತುಂಬ ಕಡಿದಾಗಿದೆ, ಮಗುವನ್ನು ಎತ್ತಿಕೊಂಡು ಹತ್ತಿಳಿಯಬೇಡ. ಅಕ್ಕನ ಆಪರೇಷನ್ ಗಾಯ ಮಾಯುತ್ತಿದೆಯೇ? ಹೊಟ್ಟೆ ತುಂಬ ಉಣ್ಣುತ್ತಾಳೆಯೇ? ಪುಟ್ಟಿಯ ಫೋಟೊ ನೋಡಿದೆ. ಮೂಗು ಥೇಟ್ ಮಾವನದು; ಪಾಪ, ಅದಕ್ಕೆ ಇನ್ನೂ ಗೊತ್ತಿಲ್ಲ.

ಮಾವ ಎಂದೆನಲ್ಲ, ವಿಷಯಕ್ಕೆ ಬರುತ್ತೇನೆ. ಗುರುವಾರ ಅವರು ನಿನಗೆ ಫೋನ್ ಮಾಡಿ, "ಅವನು ಮತ್ತೆ ಒಬ್ಬೊಬ್ಬನೇ ಮಾತಾಡ್ತಿದ್ದಾನೆ, ಬೇಗ ಬಾ ಅಕ್ಕಾ" ಎಂದರಂತೆ. ನೀನು ಹೊರಡುವ ತಯಾರಿಯಲ್ಲಿದ್ದೀಯೆಂದು ಭಾವ ಹೇಳಿದರು. ಫೋನಿನಲ್ಲಿ ನಾನು ಏನು ಹೇಳಿದರೂ ನೀನು ಅಳುತ್ತೀಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಕೆಲಸದ ಮೇಲೆ ಈ ಊರಿಗೆ ಬಂದಿದ್ದ ಭಾವ ಮಧ್ಯಾಹ್ನ ವಾಪಸು ಹೊರಡುತ್ತಾರೆ, ಅವರ ಕೈಯಲ್ಲೇ ಈ ಕಾಗದ.

ಮಾವ ಕೇಳಿಸಿಕೊಂಡದ್ದು ಸುಳ್ಳಲ್ಲ. ಅವತ್ತು ನಾನು ಹಾಲು ಕಾಯಿಸುತ್ತಿದ್ದೆ. ಅವರು ಕೆಳಗಿನ ಮನೆಯಿಂದ ಹತ್ತಿ ಬಂದು ಹೊಸ್ತಿಲಲ್ಲಿ ನಿಂತದ್ದು ನನಗೆ ಕಾಣಲಿಲ್ಲ. "ಗ್ಯಾಸ್ ಹಚ್ಚಿದ್ದೀನಿ. ಎಲ್ಲೂ ಹೋಗಕೂಡದು. ಇಲ್ಲೇ ನಿಂತ್ಕೋ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಯಾರಿಗಪ್ಪಾ ಹೇಳುತ್ತಿದ್ದಾನೆ ಎಂದು ಅವರು ಇಣುಕಿದರೆ ಅಡುಗೆಮನೆಯಲ್ಲಿ ನನ್ನನ್ನು ಬಿಟ್ಟು ನರಪಿಳ್ಳೆಯೂ ಇಲ್ಲ. ಬಂದಷ್ಟೇ ಮೆತ್ತಗೆ ಇಳಿದುಹೋಗಿ ನಿನಗೆ ಫೋನ್ ಮಾಡಿದರು.

ಅಮ್ಮಾ, ನಾನು ಹೇಳುತ್ತಿದ್ದುದು ನನಗೇ. ಅದು ಚಿಕಿತ್ಸೆಯ ಪಾಠ. ಮಾತ್ರೆಯಿಂದ ಕಿವಿಯೊಳಗಿನ ದನಿಗಳು ನಿಂತು ವರ್ಷದ ಮೇಲಾಯಿತು, ನಿನಗೆ ಗೊತ್ತು. ಆದರೆ ಗಮನ ನಿಲ್ಲುತ್ತಿರಲಿಲ್ಲ, ನೆನಪು ಉಳಿಯುತ್ತಿರಲಿಲ್ಲ. ಸ್ನಾನಕ್ಕೆ ಹೊರಟವನು ಟವೆಲ್ ಹಿಡಿದು ನಿಂತೇ ಇರುತ್ತಿದ್ದೆ. ಸೋಮಾರಿ ಎಂದು ನೀನು ಒಮ್ಮೆಯೂ ಬೈಯಲಿಲ್ಲ. ನನ್ನ ಕೆಲಸವನ್ನೆಲ್ಲ ನೀನೇ ಮಾಡಿಬಿಡುತ್ತಿದ್ದೆ. ಇದೂ ಕಾಯಿಲೆಯದೇ ಭಾಗ, ಅಭ್ಯಾಸ ಮಾಡಿದರೆ ಸುಧಾರಿಸುತ್ತದೆ ಎಂದು ಹೇಳಿದವರು ಆಸ್ಪತ್ರೆಯ ಥೆರಪಿ ಮೇಡಂ. ನೀನು ಅಕ್ಕನಲ್ಲಿಗೆ ಹೋದ ಮೇಲೆ ಅವರ ತರಗತಿಗೆ ಸೇರಿದೆ. ಕಂಪ್ಯೂಟರಿನಲ್ಲಿ ಚಿತ್ರ ನೋಡಿ ನೆನಪಿಟ್ಟುಕೊಳ್ಳುವುದು. ಇಸ್ಪೀಟ್ ಎಲೆಗಳನ್ನು ಬಣ್ಣ ನೋಡಿ ವಿಂಗಡಿಸುತ್ತಿರುವಾಗಲೇ ನಡುವೆ ನಿಯಮ ಬದಲಾಗಿ ಅಂಕಿ ನೋಡಿ ವಿಂಗಡಿಸುವುದು. ಮೊದಲ ವಾರ ಮೈಯೆಲ್ಲ ಉರಿಯಿತು. ಮೀಸೆ ಬಂದವನಿಗೆ ಮಕ್ಕಳಾಟವೇ ಎಂದು ಎದ್ದು ಹೊರಟೆ. ಮೇಡಂ ವರಾಂಡದವರೆಗೂ ಬಂದು, "ಮನೇಲಿ ಯಾವ ಕೆಲಸ ಕೈ ಕೊಡುತ್ತೆ ಹೇಳಿ, ಅಲ್ಲಿಂದಲೇ ಶುರು ಮಾಡೋಣ" ಎಂದರು. ಹಾಲು ಎಂದೆ. ದಿನಾ ಉಕ್ಕಿಸುತ್ತಿದ್ದೆನಲ್ಲ.

ಮಾಡುವ ಕೆಲಸವನ್ನು ಬಾಯಿಬಿಟ್ಟು ಹೇಳಿಕೊಂಡರೆ ಗಮನ ಜಾರುವುದಿಲ್ಲ ಎಂದು ಕಲಿಸಿದ್ದು ಅವರೇ. ಬರಬರುತ್ತಾ ಪಿಸುಮಾತು ಸಾಕಾಗುತ್ತದಂತೆ, ಆಮೇಲೆ ಮನಸ್ಸಿನಲ್ಲೇ ಅಂದುಕೊಂಡರೆ ಆಯಿತು. ನಾನಿನ್ನೂ ಗಟ್ಟಿಯಾಗಿ ಹೇಳುವ ಹಂತದಲ್ಲಿದ್ದೇನೆ, ಮಾವನ ಗ್ರಹಚಾರ. ಹಿಂದೆಲ್ಲ ಯಾರೋ ಮಾತಾಡಿದಂತಾಗಿ ಉತ್ತರ ಕೊಡುತ್ತಿದ್ದೆ, ಆಗ ನನ್ನ ಬಾಯಿಯ ಮೇಲೆ ಕೈಯಿಟ್ಟು ನೀನು ಅತ್ತದ್ದು ಮರೆತಿಲ್ಲ. ಈಗ ಹೇಳುವವನೂ ನಾನೇ, ಕೇಳುವವನೂ ನಾನೇ. ಅವತ್ತು ಹಾಲು ಉಕ್ಕಲಿಲ್ಲ, ಇದನ್ನು ಮಾತ್ರ ಮಾವ ನಿನಗೆ ಹೇಳಿಲ್ಲ.

ಶುಕ್ರವಾರ ಅವರನ್ನೂ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಎಲ್ಲ ಕೇಳಿ ಮಾವ ತಲೆದೂಗಿದರು. ಕುತೂಹಲಕ್ಕೆ ಇಸ್ಪೀಟ್ ಎಲೆಗಳ ಪಾಠಕ್ಕೂ ಕುಳಿತರು. ನಿಯಮ ಬದಲಾದ ಮೇಲೂ ಬಣ್ಣವನ್ನೇ ನೋಡುತ್ತಾ ತಪ್ಪಿ, ಎಲೆಗಳೇ ಸರಿಯಿಲ್ಲ ಎಂದು ಎದ್ದರು. ವಾಪಸು ಬಂದಾಗ ಮನೆಯ ಮೆಟ್ಟಿಲಲ್ಲಿ ನನ್ನ ಹೆಗಲು ಹಿಡಿದು, "ಹೆದರಿಬಿಟ್ಟಿದ್ದೆ ಕಣೋ" ಎಂದರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ.

ಅಕ್ಕನಿಗೆ ನನ್ನ ಪ್ರೀತಿ, ಪುಟ್ಟಿಯ ಕೆನ್ನೆಗೊಂದು ಮುತ್ತು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ,
ಮಗ

ಮರೆತ ಮಾತು: ಭಾವ ಕೆಳಗೆ ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ, ಕಾಯಿಲೆಗೆ ಮುಂಚೆ ಕೆಲಸ ಮಾಡುತ್ತಿದ್ದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಒಂದು ದಿನ ಕೆಲಸ ಕೊಟ್ಟು ನೋಡಿ ಎಂದು ಯಜಮಾನರನ್ನು ಕೇಳಿದೆ. ಗಿರಾಕಿ ಫಿಲ್ಟರ್ ಕೇಳುತ್ತಿದ್ದ, ಮೆಕ್ಯಾನಿಕ್ ಬೆಲ್ಟಿಗೆ ಕೂಗುತ್ತಿದ್ದ, ಜೊತೆಗೆ ಫೋನು. ಒಂದು ಗಳಿಗೆ ಕೈಕಾಲು ಆಡಲಿಲ್ಲ. ಆಮೇಲೆ "ಮೊದಲು ಫಿಲ್ಟರ್, ಆಮೇಲೆ ಬೆಲ್ಟ್" ಎಂದು ಹೇಳಿಕೊಳ್ಳುತ್ತಲೇ ಏಣಿ ಹತ್ತಿ ಎರಡನ್ನೂ ತಂದೆ. ಮೆಕ್ಯಾನಿಕ್ ನಕ್ಕ. ಯಜಮಾನರು, "ಎಷ್ಟು ಬೇಕಾದ್ರೂ ಮಾತಾಡ್ಕೋ, ಸಾಮಾನು ಸರಿಯಾಗಿ ತಂದ್ಕೊಡು. ಸೋಮವಾರದಿಂದ ಬಾ" ಎಂದರು. ಆದ್ದರಿಂದ ನೀನೀಗ ಬರಬೇಡ. ಅಕ್ಕ ಚೇತರಿಸಿಕೊಳ್ಳುವವರೆಗೂ ಅಲ್ಲೇ ಇರು. ಬರುವ ದಿನ ಮೊದಲೇ ತಿಳಿಸು, ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಭಾನುವಾರವಾದರೆ ಒಳ್ಳೆಯದು, ಬೇರೆ ದಿನ ರಜೆ ಕೇಳಬೇಕಾಗುತ್ತದೆ.