ನಮ್ಮ ಮನೆಯಲ್ಲಷ್ಟೇ ತೆರೆಯದ ಪುಟ

ಭಾಲ್ಕಿ
೨೦ ಏಪ್ರಿಲ್ ೨೦೧೬

ವಿಠ್ಠಲಣ್ಣನಿಗೆ,

ನಮಸ್ಕಾರ ಬರೆಯಲು ಮನಸ್ಸಿಲ್ಲ, ಆದರೂ ಹಿರಿಯನಾದ ತಪ್ಪಿಗೆ ತೆಗೆದುಕೋ. ಇತ್ತ ಕ್ಷೇಮ ಎಂದು ಮಾತ್ರ ಬರೆಯಲಾರೆ. ನಾಳೆ ನಿನ್ನ ಸೋದರಳಿಯ ಮಾಣಿಕನ ಮದುವೆ, ಮನೆ ತುಂಬ ಜನ. ನಾನು ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. 

ಔರಾದ ಕಡೆಯಿಂದ ಹೈದರಾಬಾದಿಗೆ ದುಡಿಯಲು ಹೋದವರು ಸೇರಿ ನಡೆಸುವ ಆ ಜಾಲತಾಣ ಇದೆಯಲ್ಲ, ಅದರ ಹುಚ್ಚು ನನಗೆ ಎಷ್ಟೆಂದು ನಿನಗೆ ಗೊತ್ತು. ನಮ್ಮೂರು ಎಕಂಬಾದ ಬಾವಿ ಬತ್ತಿ ಅಪ್ಪ ಹೈದರಾಬಾದಿಗೆ ನಿನ್ನಲ್ಲಿಗೆ ಬಂದ ಮೇಲೆ ದಿನಾ ಅದರಲ್ಲಿ ಊರಿನ ನೆನಪು ಬರೆಯುತ್ತಿದ್ದರು. ಅದನ್ನು ಓದದೆ ನನಗೆ ಬೆಳಗಿನ ಚಹಾ ಇಳಿಯುತ್ತಿರಲಿಲ್ಲ. ಹೋದ ವಾರದಿಂದ ಅದು ನಮ್ಮ ಮನೆಯಲ್ಲಿ ತೆರೆಯದಾಯಿತು. ಉಳಿದವೆಲ್ಲ ತೆರೆಯುತ್ತವೆ, ಅದೊಂದೇ ಇಲ್ಲ.

ಇವರಿಗೆ ಹೇಳಿದೆ. ಉರಿಯದ ಬಲ್ಬ್ ಬದಲಿಸಲು ತಿಂಗಳುಗಟ್ಟಲೆ ಹೇಳಿಸಿಕೊಳ್ಳುವ ಮನುಷ್ಯ, ಕೇಳಿದ ಕೂಡಲೇ ಎದ್ದು ರೂಟರ್ ಆರಿಸಿ ಹಚ್ಚಿದರು, ವೈರು ಜಗ್ಗಿ ನೋಡಿದರು, ಬಿಸಿಲಲ್ಲಿ ಮಾಳಿಗೆ ಹತ್ತಿ ಇಳಿದರು. "ಅವರ ಕಡಿನೇ ಏನೋ ಕೆಟ್ಟದ. ಲಗ್ನ ಮುಗೀಲಿ, ನೋಡೋಣು" ಅಂದರು. ಆ ಚುರುಕುತನ ನೋಡಿಯೇ ನನಗೆ ಸಂಶಯ ಬರಬೇಕಿತ್ತು.

ಅಪ್ಪನ ಗಂಟಲು ಕೂತಿದೆ, ಮಾತಾಡಿಸಬೇಡ, ಅವರನ್ನು ಬಿಟ್ಟು ಮದುವೆಗೆ ಬರಲಾರೆ ಎಂದು ನೀನು ಫೋನಿನಲ್ಲಿ ಹೇಳಿದೆ. ಬರೆಯಲು ಗಂಟಲೇಕೆ? ಮೊಮ್ಮಗನಿಗೆ ನಾಲ್ಕು ಮಾತು ಬರೆದೇ ಇರುತ್ತಾರೆ ಎಂದುಕೊಂಡು ಇವತ್ತು ಅರಿಷಿಣ ಹಚ್ಚುವ ಮೊದಲು ನಾನೇ ಕೂತೆ. ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಇಷ್ಟು ವರ್ಷ ಸುಮ್ಮನೆ ಕಳೆದಿಲ್ಲ. ರೂಟರಿನ ಸೆಟ್ಟಿಂಗ್ ತೆಗೆದರೆ, ಅಲ್ಲಿ ನಮ್ಮ ಜಾಲತಾಣದ ಹೆಸರು ಬರೆದು ತಡೆ ಹಾಕಿದೆ! ಅದರ ಪಾಸ್‌ವರ್ಡ್ ಇವರಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನನಗೆ ಮೊದಲು ನಗು ಬಂತು. ಓದುತ್ತ ಕೂತು ಚಹಾ ತಡ ಮಾಡುತ್ತೇನೆಂದು ಸಿಟ್ಟು ತೀರಿಸಿಕೊಂಡಿದ್ದಾರೆ ಅಂದುಕೊಂಡೆ. ತಡೆ ತೆಗೆದೆ. ಪುಟ ತೆರೆಯಿತು.

ಅಪ್ಪನ ಫೋಟೋ. ಅದಕ್ಕೆ ಹಾರ. ಹೋದ ಗುರುವಾರ ತೀರಿಕೊಂಡರು ಎಂದು ಕೆಳಗೆ ಬರೆದಿತ್ತು.

ಅಣ್ಣಾ, ಬೇರೆ ಯಾರದೋ ಫೋಟೋ ಇರಬೇಕೆಂದು ಮತ್ತೆ ಮತ್ತೆ ನೋಡಿದೆ. ಎರಡು ದಿನದಿಂದ ನೆಂಟರು ನನ್ನನ್ನು ಕಂಡ ಕೂಡಲೇ ಮಾತು ನುಂಗುತ್ತಿದ್ದುದು ಆಗ ಅರ್ಥವಾಯಿತು. ಊರಿಗೆಲ್ಲ ಗೊತ್ತು, ಮಗಳಿಗೆ ಗೊತ್ತಿಲ್ಲ.

ಯಾಕೆ ಮುಚ್ಚಿಟ್ಟಿರಿ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಮದುವೆಯಾದ ಮಗಳಿಗೆ ಸೂತಕ ಹತ್ತುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಬೀಳದಂತೆ ನೋಡಿಕೊಂಡರೆ ಲಗ್ನ ನಡೆಯುತ್ತದೆ. ನೀವಿಬ್ಬರೂ ಕೂಡಿ ಹೀಗೆ ಮಾಡಿದಿರಿ. ಆದರೆ ಅಪ್ಪನ ಮುಖ ನನಗೆ ಇನ್ನೆಲ್ಲಿ ತೋರಿಸುತ್ತೀ? ನಿನ್ನ ಮೇಲೆ ಬಹಳ ಸಿಟ್ಟಿದೆ, ಇದನ್ನು ಮುಚ್ಚಿಡುವುದಿಲ್ಲ.

ಇವರನ್ನು ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಾದದ್ದು ಬಯಲಾಗಿ ಎಲ್ಲ ನಿಲ್ಲುತ್ತದೆ. ಹುಡುಗಿಯ ತಂದೆತಾಯಿ ಬಗದಲ ಊರಿನವರು, ಮದುವೆ ಮುಗಿಸಿ ಪುಣೆಗೆ ದುಡಿಯಲು ಹೊರಡುವವರು. ಅವರಿಗೆ ಮತ್ತೆ ಯಾವ ಮುಹೂರ್ತ ತೋರಿಸಲಿ? ಸುದ್ದಿ ಕೇಳಿದವಳು ಕೂಡಲೇ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಅದೂ ಆಗಲಿಲ್ಲ. ಟ್ಯಾಂಕರ್ ನೀರನ್ನು ತಂಬಿಗೆಯಲ್ಲಿ ಅಳೆದು ಕೊಡುವ ಮನೆಯಲ್ಲಿ, ಬೆಳಿಗ್ಗೆ ಮಿಂದವಳು ಮತ್ತೆ ಮಿಂದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಒಣ ಮೈಯಲ್ಲೇ ಹೋಗಿ ಮಗನಿಗೆ ಅರಿಷಿಣ ಹಚ್ಚಿದೆ. ರೂಟರಿನ ತಡೆಯನ್ನು ಮೊದಲಿನಂತೆ ಹಾಕಿಟ್ಟಿದ್ದೇನೆ.

ಮದುವೆ ಮುಗಿದ ಮೇಲೆ ಇದನ್ನು ಅಂಚೆಗೆ ಹಾಕುತ್ತೇನೆ. ಹಿಂದೆಯೇ ನಾನೂ ಬರುತ್ತೇನೆ.

ನಿನ್ನ ತಂಗಿ,
ಪ್ರಮಿಲಾ

ತಾ.ಕ.: ಔರಾದದಿಂದ ಅಪ್ಪನ ತಂಗಿ ಕುಮುದಿನಿ ಅತ್ತೆ ಈಗಷ್ಟೇ ಬಸ್ಸಿಳಿದು ಬಂದರು. ಅವರಿಗೂ ಯಾರೂ ಹೇಳಿಲ್ಲ. ಕಣ್ಣು ಮಂಜಾಗಿದೆ, ಓದಲಾರರು. ಕೂತ ಕೂಡಲೇ, "ಅಣ್ಣ ಇವತ್ತ ಏನ್ ಬರದಾನ, ಓದವ್ವ" ಅಂದರು. ತೆರೆಯದ ಪುಟವನ್ನು ಮುಂದೆ ಹಿಡಿದುಕೊಂಡು, ಅಪ್ಪ ಬರೆಯುತ್ತಿದ್ದ ಹಾಗೆಯೇ ಒಂದು ನೆನಪು ಕಟ್ಟಿ ಓದಿದೆ. ತಂಗಿ ಚಿಕ್ಕವಳಿದ್ದಾಗ ಮದುವೆಮನೆಯ ಬುಂದಿ ಕದ್ದು ಲಂಗದಲ್ಲಿ ಕಟ್ಟಿಕೊಂಡಳು ಎಂದೆ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಖರೇನ ಅದು, ಅಂವಗ ಇನ್ನಾ ನೆನಪದ ನೋಡು" ಅಂದರು.