ಗಡಿಯಾರದ ಎಣ್ಣೆ

14 ಜೂನ್ 2003, ಶನಿವಾರ

ಮತ್ತೆ ಹಿಡಿದುಕೊಂಡಿತು. ಕೆಳಗೆ ಹೋದ ಯೋಯೋ ದಾರದ ತುದಿಯಲ್ಲಿ ಗಿರಗಿರ ತಿರುಗುತ್ತಾ ನಿಲ್ಲಬೇಕು. ನಿಲ್ಲಲಿಲ್ಲ. ಕೆಮ್ಮಿದ ಹಾಗೆ ಸದ್ದು ಮಾಡಿ ಮೇಲಕ್ಕೆ ಬಂತು. ಬಿಚ್ಚಿ ನೋಡಿದೆ. ಬೇರಿಂಗಿನ ಒಳಗೆ ಕೊಬ್ಬರಿ ಎಣ್ಣೆ ಅಂಟಾಗಿ ಕೂತಿದೆ. ಹೋದ ವಾರ ನಾನೇ ಹಾಕಿದ್ದು. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು ಮಾಡುವ ಕೆಲಸವಾ ಇದು...

ಅಪ್ಪನ ಮೊಪೆಡ್ಡಿನಿಂದ ಸ್ವಲ್ಪ ಪೆಟ್ರೋಲ್ ತೆಗೆದು ತೊಳೆದೆ. ಈಗ ಉಲ್ಟಾ. ತಿರುಗುತ್ತಲೇ ಇರುತ್ತದೆ, ಎಳೆದರೂ ಕೈಗೆ ಬರುವುದಿಲ್ಲ. ಪೂರ್ತಿ ಒಣಗಿದರೆ ವಾಪಸ್ ಬರಲ್ಲ, ಎಣ್ಣೆ ಹೆಚ್ಚಾದರೆ ನಿಲ್ಲಲ್ಲ. ಅಮ್ಮನ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟೆ. ಪರವಾಗಿಲ್ಲ. ಆದರೆ ಒಳಗಿನ ಗುಂಡುಗಳಿಗೆ ತುಕ್ಕು ಬಂದಿದೆ. ಬೇರೆ ಬೇರಿಂಗೇ ಬೇಕು.

ಈ ಯೋಯೋ ಮೈಸೂರಿನಿಂದ ತಂದುಕೊಟ್ಟವನು ಚಿಕ್ಕಪ್ಪನ ಮಗ ಸಮರ್ಥ. ಫೋನ್ ಮಾಡಿದೆ. ಬಿಡಿ ಭಾಗ ಎಲ್ಲೂ ಸಿಗಲ್ಲ ಅಂದ.

ಸೆಪ್ಟೆಂಬರಿನಲ್ಲಿ ಹಾಸನದಲ್ಲಿ ಯೋಯೋ ಸ್ಪರ್ಧೆ. ದೊಡ್ಡವರಿಗೂ ಇದೆ. ಹೆಸರು ಕೊಟ್ಟಾಯಿತು. ಮನೆಯಲ್ಲಿ ಹೇಳಿಲ್ಲ.

15 ಜೂನ್, ಭಾನುವಾರ

ರುದ್ರಯ್ಯನ ವಿಡಿಯೋ ಲೈಬ್ರರಿಗೆ ಹೋದೆ. ಈಗೆಲ್ಲ ಸಿ.ಡಿ. ಹಳೆಯ ವಿಸಿಆರ್‌ಗಳನ್ನು ಗೋಣಿಚೀಲದಲ್ಲಿ ತುಂಬಿಟ್ಟಿದ್ದಾನೆ. ಟೇಪ್ ಸುತ್ತುವ ಉರುಟು ಭಾಗದೊಳಗೆ ಸಣ್ಣ ಬೇರಿಂಗ್ ಇರುತ್ತದೆ, ಅದು ಕೊಡಿ ಅಂದೆ. ನಕ್ಕ. "ಮೊನ್ನೆ ಒಬ್ರು ಮೇಡಮ್ಮು ಬಂದು ಅದ್ನೇ ಬಿಚ್ಚುಸ್ಕೊಂಡು ಓದ್ರು. ಏನವ್ವ ಇದು, ಎಲ್ರಿಗೂ ಒಂದೇ ಉಚ್ಚು ಇಡ್ದದೆ."

ಚೀಲದಲ್ಲಿ ಉಳಿದದ್ದು ಒಂದೇ. ಅದರ ಬೇರಿಂಗ್ ಸೀಳಿತ್ತು.

ಇನ್ನೊಬ್ಬಳು ಇದ್ದಾಳೆ. ಈ ಊರುಗಳಲ್ಲಿ ನನ್ನೊಬ್ಬಳಿಗೇ ಈ ಹುಚ್ಚು ಅಂದುಕೊಂಡಿದ್ದೆ.

29 ಜೂನ್, ಭಾನುವಾರ

ಅರಕಲಗೂಡಿನಲ್ಲಿ ಗೃಹಪ್ರವೇಶ. ಹೋಮ ಮಾಡಿಸುವುದು ಅಪ್ಪ. ನಾನೂ ಅಮ್ಮನೂ ಊಟಕ್ಕೆ. ಊಟವಾದ ಮೇಲೆ ಸ್ಟೇಷನರಿ ನೆಪ ಹೇಳಿ ಬಸ್ ಸ್ಟ್ಯಾಂಡ್ ಪಕ್ಕದ ಮೋಟರ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಚೆನ್ನಯ್ಯನಿಗೆ ಕಾಲೇಜ್ ಲ್ಯಾಬಿನ ವರ್ನಿಯರ್‌ನಲ್ಲಿ ತೆಗೆದ ಬೇರಿಂಗಿನ ಅಳತೆ ತೋರಿಸಿದೆ. ಇಲ್ಲೂ ಅದೇ ಕಥೆ. ಟೇಬಲ್ ಫ್ಯಾನುಗಳಿಂದ ತೆಗೆದಿಟ್ಟಿದ್ದ ಸಣ್ಣವನ್ನೆಲ್ಲ ಚನ್ನರಾಯಪಟ್ಟಣದ ಪಿ.ಟಿ. ಮೇಡಂ ಒಯ್ದರಂತೆ. ಹೈಸ್ಕೂಲಿನವರು, ಕೊರಳಲ್ಲಿ ಸೀಟಿ ಹಾಕಿಕೊಂಡೇ ಬಂದಿದ್ದರಂತೆ.

ಸಿಟ್ಟು ಬಂತು. ಸ್ವಲ್ಪ ನಗುವೂ.

6 ಜುಲೈ, ಭಾನುವಾರ

ಹುಡುಕಿದೆ. ಕಷ್ಟವಾಗಲಿಲ್ಲ. ಚನ್ನರಾಯಪಟ್ಟಣದಲ್ಲಿ ಸೀಟಿ ಮೇಡಂ ಅಂದರೆ ಎಲ್ಲರಿಗೂ ಗೊತ್ತು.

ಧನಲಕ್ಷ್ಮಿ. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ಬಾಡಿಗೆ ಮನೆಯ ಮುಂದೆ ಬಟ್ಟೆ ಒಗೆಯುತ್ತಿದ್ದಳು. ನಾನು ಚೀಲದಿಂದ ಯೋಯೋ ತೆಗೆದೆ, ಅಷ್ಟೇ. ಕೈ ಒರೆಸಿಕೊಂಡು ಎದ್ದು, "ಚೆನ್ನಯ್ಯ ಹೇಳ್ತಿದ್ದ. ಊರೂರಿಗೂ ನನ್ನ ಹಿಂದೆ ಬರ್ತಿದ್ದೋರು ನೀವೇನಾ?" ಅಂದಳು. ಅವಳೂ ಹಾಸನಕ್ಕೆ ಹೆಸರು ಕೊಟ್ಟಿದ್ದಾಳೆ.

ಕಡ್ಡಿಪೆಟ್ಟಿಗೆಯ ತುಂಬ ಬೇರಿಂಗ್. ಆದರೆ ಎಣ್ಣೆ ಸರಿಯಿಲ್ಲ. ಸೈಕಲ್ ಅಂಗಡಿಯ ಗ್ರೀಸ್ ಹಾಕಿದ್ದಾಳೆ, ಪಾಪ, ಎತ್ತಿನ ಗಾಡಿಗೆ ಹಾಕಿದ ಹಾಗೆ. ನನ್ನ ಹತ್ತಿರ ಹಾಸನದ ಲಕ್ಕಯ್ಯನ ವಾಚ್ ಅಂಗಡಿಯಿಂದ ತಂದ ಗಡಿಯಾರದ ಎಣ್ಣೆ ಇತ್ತು. ಸೂಜಿಮೊನೆಯಲ್ಲಿ ಒಂದು ಹನಿ ಇಟ್ಟೆ. ಅವಳ ಯೋಯೋ ಕೆಳಗೆ ನಿಂತು, ಸದ್ದಿಲ್ಲದೆ ತಿರುಗಿ, ಕರೆದಾಗ ಬಂತು.

ಬೇರಿಂಗ್ ಅವಳದು, ಎಣ್ಣೆ ನನ್ನದು. ಒಪ್ಪಂದ.

20 ಜುಲೈ, ಭಾನುವಾರ

ಅವಳ ಸ್ಕೂಲ್ ಫೀಲ್ಡಿನಲ್ಲಿ ಪ್ರಾಕ್ಟೀಸ್. ಫ್ಯಾನಿನ ಬೇರಿಂಗ್ ನನ್ನದಕ್ಕೆ ಕೊಂಚ ಸಡಿಲ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಒಂದು ಸುತ್ತು ಸುತ್ತಿದ ಮೇಲೆ ಗಟ್ಟಿಯಾಯಿತು. ಪಂಕ್ಚರ್ ಹಾಕುವ ಟ್ಯೂಬ್ ತುಂಡು ಕತ್ತರಿಸಿ ತನ್ನ ಯೋಯೋದ ಒಳಬದಿಗೆ ಅಂಟಿಸಿದ್ದಾಳೆ— ದಾರ ಜಾರಲ್ಲ. ಒಳ್ಳೆಯ ತಲೆ. ಮಧ್ಯಾಹ್ನದ ಹೊತ್ತಿಗೆ ನೀವು ಹೋಗಿ ನೀನು ಆಯಿತು, ಧನಲಕ್ಷ್ಮಿ ಹೋಗಿ ಧನು ಆಯಿತು, ಯಾವಾಗ ಅಂತ ಗೊತ್ತಾಗಲಿಲ್ಲ.

ಮುಂದಿನ ವಾರ ನಮ್ಮ ಮನೆಗೆ ಬಾ ಅಂದೆ.

27 ಜುಲೈ, ಭಾನುವಾರ

ಬಂದಿದ್ದಳು.

ಅಮ್ಮನಿಗೆ ಮೊದಲು ಹಿಡಿಸಿದಳು. ಸರಸಮ್ಮನೋರೇ ಅಂತ ಕರೆದು, ಜಗಲಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆದುಕೊಟ್ಟಳು. ಅಮ್ಮ ಊರು ಕೇಳಿದಳು. ಹರದನಹಳ್ಳಿ ಅಂದಳು. ಅಲ್ಲಿ ಯಾರ ಮನೆ ಅಂತ ಅಮ್ಮ ಬಿಡದೆ ಕೇಳಿದಳು. ಧನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ಊರಾಚೆ ಕೇರಿ ನಮ್ದು ಅಮ್ಮ. ಅಪ್ಪನ ಕಾಲದಿಂದ ಬೌದ್ಧರು."

ಅಮ್ಮ ಹೌದಾ ಅಂದು ಒಳಗೆ ಹೋದಳು. ಬರುವಾಗ ಅಪ್ಪನಿಗೂ ನನಗೂ ಸ್ಟೀಲ್ ಲೋಟದಲ್ಲಿ ಕಾಫಿ. ಅವಳಿಗೆ ಪ್ಲಾಸ್ಟಿಕ್ ಕಪ್ಪು. ಅಟ್ಟದಿಂದ ಹುಡುಕಿ ತೆಗೆದದ್ದು.

ನಾನು ಆ ಕಪ್ಪನ್ನು ತೆಗೆದುಕೊಂಡು ನನ್ನ ಲೋಟವನ್ನು ಅವಳ ಮುಂದೆ ಇಟ್ಟೆ. ಅಪ್ಪ ಪೇಪರ್ ಮಡಿಚಿದರು. ಧನು ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು. ಕುಡಿದಳು. ಐದು ಗಂಟೆಯ ಬಸ್ಸಿಗೆ ಹೋಗುತ್ತೇನೆ ಅಂದಿದ್ದವಳು ಮೂರಕ್ಕೇ ಹೊರಟಳು.

28 ಜುಲೈ

ಆ ಲೋಟ ಹಿತ್ತಲ ಒಗೆಯುವ ಕಲ್ಲಿನ ಮೇಲಿದೆ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದ್ದಾಳೆ, ಫಳಫಳ ಅನ್ನುತ್ತಿದೆ. ಆದರೂ ಒಳಗೆ ತಂದಿಲ್ಲ.

ಕೇಳಿದೆ. "ನಾನೇನು ಕಾಫಿ ಕೊಡ್ಲಿಲ್ವಾ? ಮನೆಗೆ ಬಂದೋಳನ್ನ ಹಾಗೇ ಕಳಿಸಿದ್ನಾ?" ಅಂದಳು. ದನಿ ಏರಿಸಲಿಲ್ಲ. ಅವಳಿಗೆ ನಿಜವಾಗಿಯೂ ತಾನು ಒಳ್ಳೆಯದನ್ನೇ ಮಾಡಿದೆ ಅನ್ನಿಸಿದೆ.

ಹಿತ್ತಲಿಗೇ ಕಾಫಿ ತಂದು, ಆ ಲೋಟಕ್ಕೆ ಬಗ್ಗಿಸಿಕೊಂಡು, ಮೆಟ್ಟಿಲ ಮೇಲೆ ಕೂತು ಕುಡಿದೆ. ನಾಳೆಯೂ ಹಾಗೇ.

3 ಆಗಸ್ಟ್, ಭಾನುವಾರ

ಚನ್ನರಾಯಪಟ್ಟಣಕ್ಕೆ ಹೋದೆ. ಖುಷಿಯಾಗಿಯೇ ಹೋದೆ ಅನ್ನಬೇಕು. ಮನೆಯಲ್ಲಿ ಜಗಳ ಆಡಿದವಳು ನಾನು, ಹಿತ್ತಲಲ್ಲಿ ಕಾಫಿ ಕುಡಿಯುತ್ತಿರುವವಳು ನಾನು...

ಧನು ಬಾಗಿಲಲ್ಲೇ ನಿಂತಳು.

"ನಾನು ಆ ಕಪ್ಪು ಬ್ಯಾಡ ಅಂತ ಹೇಳೋಳಿದ್ದೆ ಕಣೇ ಶರ್ವಾಣಿ. ಹೇಳಿ ಎದ್ದು ಹೊರಡೋಳಿದ್ದೆ. ನೀನು ಬಿಡ್ಲಿಲ್ಲ. ನಿನ್ನ ಲೋಟ ಕುಡಿದ್ರೆ ನಿನ್ನ ದೊಡ್ಡತನ, ಕುಡೀದಿದ್ರೆ ನನ್ನ ಸೊಕ್ಕು. ನನ್ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ.

ಮಧ್ಯಾಹ್ನ ಟೂರ್ನಮೆಂಟ್ ಇದೆ ಅಂದಳು. ಭಾನುವಾರ ಯಾವ ಟೂರ್ನಮೆಂಟೋ. ಎಣ್ಣೆ ಶೀಷೆ ಚೀಲದಲ್ಲೇ ಉಳಿಯಿತು.

19 ಆಗಸ್ಟ್, ಮಂಗಳವಾರ

ಏನೂ ಬರೆಯಬೇಕು ಅನ್ನಿಸಿರಲಿಲ್ಲ. ಕಾಲೇಜು, ಟೆಸ್ಟ್ ಪೇಪರ್. ಯೋಯೋ ಮುಟ್ಟಿಲ್ಲ.

ಇವತ್ತು ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲಿದ್ದೆ. ಹನಿ ಬೀಳಲು ಶುರುವಾಗಿತ್ತು. ಅಪ್ಪ ಪೂಜೆ ಮುಗಿಸಿ ಮಡಿಪಂಚೆಯಲ್ಲೇ ಹೊರಗೆ ಬಂದರು. ನನ್ನ ಪಕ್ಕ ಸ್ವಲ್ಪ ಹೊತ್ತು ನಿಂತರು. "ನೆನೀತಿದೀಯ. ಒಳಗೆ ಬಾ" ಅಂದರು. ನಾನು ಅಲ್ಲಾಡಲಿಲ್ಲ. ಬಗ್ಗಿ, ನನ್ನ ಕೈಯಿಂದ ಲೋಟ ತೆಗೆದುಕೊಂಡು, ತಾವೇ ಅಡುಗೆಮನೆಗೆ ಒಯ್ದು ಉಳಿದ ಲೋಟಗಳ ನಡುವೆ ಇಟ್ಟರು. ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ತಿರುಗಿ ನೋಡಿದಳು. ಸಾಸಿವೆ ಸೀದು ಹೋಯಿತು.

ಅಪ್ಪ ಮತ್ತೆ ಸ್ನಾನ ಮಾಡಿದರು, ಅದೂ ನಿಜ. ಬರೆದಿಡಬೇಕು.

14 ಸೆಪ್ಟೆಂಬರ್, ಭಾನುವಾರ. ಹಾಸನದಿಂದ ಬಂದ ಮೇಲೆ

ಮನೆಯಲ್ಲಿ ಹೇಳಿಯೇ ಹೋದೆ. ಅಪ್ಪ ಬೇಡ ಅನ್ನಲಿಲ್ಲ.

ನಾನು ಮೊದಲ ಸುತ್ತಿಗೇ ಔಟ್. ಒಂದು ತಿಂಗಳು ಮುಟ್ಟದೆ ಇಟ್ಟವಳಿಗೆ ಇನ್ನೇನು. ದಾರ ಗಂಟಾಯಿತು, ಜನ ನಕ್ಕರು, ನಾನೂ ನಕ್ಕೆ.

ಧನು ಕೊನೆಯ ಸುತ್ತಿಗೆ ಬಂದಿದ್ದಳು. ಚಪ್ಪರದ ಹಿಂದೆ ಒಬ್ಬಳೇ ಎಸೆದು ನೋಡುತ್ತಿದ್ದಳು. ದೂರದಿಂದಲೇ ಗೊತ್ತಾಯಿತು. ಹೆಚ್ಚು ಹೊತ್ತು ತಿರುಗಲಿ ಅಂತ ಪೆಟ್ರೋಲಿನಲ್ಲಿ ತೊಳೆದು ತಂದಿದ್ದಾಳೆ. ಚೆನ್ನಾಗಿ ತಿರುಗುತ್ತದೆ, ವಾಪಸ್ ಬರುತ್ತಿಲ್ಲ. ಎಳೆದಳು, ಬರಲಿಲ್ಲ. ಮತ್ತೆ ಎಳೆದಳು. ಮೈಕಿನಲ್ಲಿ ಅವಳಿಗಿಂತ ಮುಂಚಿನವರ ಹೆಸರು ಕರೆದರು.

ಶೀಷೆ ನನ್ನ ಚೀಲದಲ್ಲಿತ್ತು. ಹತ್ತಿರ ಹೋದೆ. ಅವಳ ಕೈಯಿಂದ ಕಿತ್ತುಕೊಂಡು ಬಿಚ್ಚಿಬಿಡಬೇಕು ಅನ್ನಿಸಿತು— ಕೈ ಅಷ್ಟು ತುರಿಸುತ್ತಿತ್ತು. ನಿಂತೆ.

"ಎಣ್ಣೆ ಇದೆ. ಹಾಕಲಾ?"

ನನ್ನ ಮುಖ ನೋಡಿದಳು. ಬೇಡ ಅನ್ನುತ್ತಾಳೆ ಅಂದುಕೊಂಡೆ. ಅಂದಿದ್ದರೆ ವಾಪಸ್ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದೆ, ಅಷ್ಟೇ.

"ಶೀಷೆ ಕೊಡು. ನಾನೇ ಹಾಕ್ಕೋತೀನಿ" ಅಂದಳು. ಕೊಟ್ಟೆ. ಯೋಯೋ ಬಿಚ್ಚಿ ಸೂಜಿಮೊನೆಗೆ ಒಂದು ಹನಿ ತೆಗೆದುಕೊಂಡಳು. ಆಮೇಲೆ ಅವಳೇ, "ಬಿಚ್ಚಿದ್ದನ್ನ ಇಟ್ಕೋ, ಕಳೆದೋಗ್ತದೆ" ಅಂತ ಅರ್ಧ ಭಾಗವನ್ನು ನನ್ನ ಅಂಗೈಯಲ್ಲಿ ಇಟ್ಟಳು.

ಅವಳಿಗೆ ಎರಡನೇ ಬಹುಮಾನ. ಮೊದಲನೆಯದು ಸಕಲೇಶಪುರದ ಒಬ್ಬರಿಗೆ. ಧನು ಒಂದು ನಿಮಿಷವೂ ಬೇಜಾರು ಮಾಡಿಕೊಳ್ಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಸಾಲೆ ದೋಸೆ ತಿಂದೆವು. ಬಸ್ ಹತ್ತುವಾಗ, ಬರೋ ಭಾನುವಾರ ನಿಮ್ಮೂರಿಗೆ ಬರ್ತೀನಿ, ನಿಮ್ಮಮ್ಮನ್ನ ಕೇಳಿ ಹೇಳು, ಸುಮ್ಮನೆ ಕರೀಬೇಡ ಅಂದಳು.

16 ಸೆಪ್ಟೆಂಬರ್

ಅಮ್ಮನನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದಳು. ಬಹಳ ಹೊತ್ತು ಆರಿಸಿದಳು. ಆಮೇಲೆ, "ನಂಗೆ ಅಭ್ಯಾಸ ಇಲ್ಲ ಕಣೇ. ತಪ್ಪು ಮಾಡಿದ್ರೆ ಅವಳ ಮುಂದೆ ಬೈಬೇಡ" ಅಂದಳು.

ಅಷ್ಟನ್ನೇ ಧನುಗೆ ಫೋನಿನಲ್ಲಿ ಹೇಳಿದೆ. ಒಂದು ಮಾತೂ ಹೆಚ್ಚು ಕಡಿಮೆ ಇಲ್ಲದೆ. ಆಯ್ತು ಬತ್ತೀನಿ ಅಂದಳು.

21 ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ

ಬಸ್ಸು ಬಂದಿರಬೇಕು. ಅಮ್ಮ ಸೀರೆ ಬದಲಾಯಿಸಿದ್ದಾಳೆ. ಯಾಕೆ ಅಂತ ನಾನು ಕೇಳಲಿಲ್ಲ. ಅಪ್ಪ ದೇವಸ್ಥಾನದಿಂದ ಇನ್ನೂ ಬಂದಿಲ್ಲ, ಬೇಕೆಂದೇ ತಡಮಾಡುತ್ತಿರಬಹುದು, ಅಥವಾ...

ಗೇಟಿನ ಸದ್ದು. ನಾನು ಏಳುವ ಮೊದಲೇ ಅಮ್ಮ ಬಾಗಿಲಿಗೆ ಹೋದಳು—